ಎದುರಾಳಿಯ ಮನೆ: ದ್ಯೂತವಿಚಾರದ ಒಂದು ವಿಮರ್ಶೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಜನರಿಗೆ ಮಹಾಭಾರತದ ಪರಿಚಯವು ಗ್ರಂಥಗಳಿಗಿಂತ ಯಕ್ಷಗಾನ, ತಾಳಮದ್ದಲೆಗಳಿಂದ ಆದುದೇ ಹೆಚ್ಚು. ದ್ಯೂತದ ಕಥೆ ಬಂದಾಗ ಶ್ರೋತೃಗಳ ಕೋಪವೆಲ್ಲ ಶಕುನಿಯ ಮೇಲೆ ಹರಿಯುವುದು ಸಹಜ. ದಾಳ ಕಪಟದ್ದು, ಧರ್ಮರಾಯ ನಿರ್ದೋಷಿ ಎಂಬ ತೀರ್ಪು ಮನಸ್ಸಿಗೆ ಹಿತವಾಗಿದೆ. ಆದರೆ ಅದು ವಿಚಾರಕ್ಕೆ ನಿಲ್ಲುವುದಿಲ್ಲ.

ಸಭಾಪರ್ವದಲ್ಲಿ ಪಣ ಒಡ್ಡುವವನು ದುರ್ಯೋಧನ, ದಾಳ ಉರುಳಿಸುವವನು ಶಕುನಿ. ಒಬ್ಬನ ಪರವಾಗಿ ಮತ್ತೊಬ್ಬನು ಆಡುವುದು ಸಮವಲ್ಲವೆಂದು ಸ್ವತಃ ಯುಧಿಷ್ಠಿರನೇ ಆಕ್ಷೇಪಿಸುತ್ತಾನೆ. ಆಕ್ಷೇಪಿಸಿದ ಬಳಿಕವೂ ಆಟಕ್ಕೆ ಕೂರುತ್ತಾನೆ. ದೋಷವಿರುವುದು ಇಲ್ಲಿಯೇ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗಿರಿಸಿದ ಜೈನಾಚಾರ್ಯರು ಅದರ ಕೇಡಿಗೆ ದೃಷ್ಟಾಂತವಾಗಿ ಹೆಸರಿಸಿದ್ದು ಶಕುನಿಯನ್ನಲ್ಲ, ಯುಧಿಷ್ಠಿರನನ್ನು.

ಕಪಟದ ದಾಳವಿಲ್ಲದ ಕಡೆ ದೋಷವೂ ಇಲ್ಲವೆನ್ನಬಹುದೇ? ಪೂಲ್ ಆಟದಲ್ಲಿ ದಾಳವಿಲ್ಲ, ಇಸ್ಪೀಟೆಲೆಯಿಲ್ಲ. ಕೋಲು, ಚೆಂಡು ಮತ್ತು ಕಣ್ಣಿನ ಅಂದಾಜು ಮಾತ್ರ. ಆದರೂ ಗುರುತಿಲ್ಲದವನೊಡನೆ ಹಣ ಕಟ್ಟಿ ಆಡುವಲ್ಲಿ ಒಂದು ಹಳೆಯ ಉಪಾಯವುಂಟು. ನಿಪುಣನು ಮೊದಲ ಆಟಗಳನ್ನು ಬೇಕೆಂದೇ ಸೋಲುತ್ತಾನೆ. ಎದುರಾಳಿ ಉಬ್ಬಿದಾಗ ಪಣ ಏರಿಸಿ ಗೆಲ್ಲುತ್ತಾನೆ. ಆಟದ ಒಂದು ನಿಯಮವೂ ಭಂಗವಾಗಲಿಲ್ಲ. ಆದರೆ ಗೆದ್ದವನಲ್ಲಿ ಮಾಯಾಕಷಾಯ, ಸೋತವನಲ್ಲಿ ಮಾನ, ಇಬ್ಬರಲ್ಲಿಯೂ ಲೋಭ ಕೆಲಸ ಮಾಡಿವೆ.

ಕೌಶಲದ ಆಟ ಜೂಜಲ್ಲವೆಂಬ ವಾದಕ್ಕೆ ಕಾನೂನಿನ ಬಲವೂ ದೊರೆತಿತ್ತು. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯ ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಾದರೋ ಕೌಶಲ, ಅದೃಷ್ಟಗಳ ಭೇದವನ್ನು ಬದಿಗಿರಿಸಿ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕಾನೂನು ತಡವಾಗಿ ತಲುಪಿದ ಈ ನಿಲುವನ್ನು ವ್ಯಸನವಿಚಾರವು ಮೊದಲೇ ತಳೆದಿತ್ತು. ಅದರ ದೃಷ್ಟಿ ಆಟದ ಸ್ವರೂಪದ ಮೇಲಲ್ಲ, ಪಣದ ಮೇಲೆ.

ವ್ಯಾಪಾರದಲ್ಲಿಯೂ ಲಾಭನಷ್ಟದ ಅನಿಶ್ಚಯವಿದೆಯಲ್ಲ ಎಂದು ಕೇಳುವವರುಂಟು. ಶಿರಸಿಯ ಅಡಿಕೆ ಟೆಂಡರಿನಲ್ಲಿ ವರ್ತಕನು ರಾಶಿ, ಚಾಲಿಗಳನ್ನು ಕಣ್ಣಾರೆ ನೋಡಿ ದರ ಬರೆಯುತ್ತಾನೆ. ನಾಳೆ ದರ ಕುಸಿದರೆ ಅವನಿಗೆ ನಷ್ಟವೇ. ಆದರೆ ಬೆಳೆಗಾರನ ಕೈಗೆ ಹಣ ಬಂದಿದೆ, ವರ್ತಕನ ಕೈಗೆ ಮಾಲು ಬಂದಿದೆ, ಎರಡು ಹೆಸರುಗಳೂ ಲೆಕ್ಕದಲ್ಲಿವೆ. ದ್ಯೂತದಲ್ಲಿ ಮಾಲಿಲ್ಲ, ಒಬ್ಬನ ಜಮೆಯೆಲ್ಲ ಇನ್ನೊಬ್ಬನ ಖರ್ಚೇ.

ಅಪರಿಚಿತ ಎದುರಾಳಿಯಲ್ಲಿ ಕಾಣದಿರುವುವು ಎರಡು: ಅವನ ನೈಪುಣ್ಯ ಮತ್ತು ಅವನ ಮನೆಯ ಸ್ಥಿತಿ. ಆಡುವವನು ಮೊದಲನೆಯದಕ್ಕೆ ಮಾತ್ರ ಹೆದರುತ್ತಾನೆ. ಎರಡನೆಯದಕ್ಕೆ ಹೆದರಬೇಕೆಂಬುದು ಅಹಿಂಸೆಯ ಮಾತು. ನಳನು ಮರಳಿ ಆಡಿ ಗೆದ್ದಾಗ ಪುಷ್ಕರನನ್ನು ಕ್ಷಮಿಸಿ ಅವನ ಸಂಪತ್ತನ್ನು ಹಿಂದಿರುಗಿಸಿದನು. ಸೋತವನು ತನ್ನ ತಮ್ಮನೆಂಬ ಅರಿವು ಅವನಿಗಿತ್ತು. ಮೊಬೈಲಿನ ಪರದೆಯಾಚೆ ಸೋತವನು ಯಾರ ತಮ್ಮ, ಯಾರ ತಂದೆ ಎಂಬುದು ಗೆದ್ದವನಿಗೆ ತಿಳಿಯದು. ಬಂದ ಹಣ ಶಾಲೆಯ ಶುಲ್ಕವೋ, ಔಷಧದ ದುಡ್ಡೋ, ತೋಟದ ಮೇಲಿನ ಸಾಲವೋ ತಿಳಿಯದು. ಹಿಂದಿರುಗಿಸೋಣವೆಂದರೂ ದಾರಿಯಿಲ್ಲ.

ಆದ್ದರಿಂದ ಮಕ್ಕಳಿಗೆ ಸೋಲಿನ ಭಯವನ್ನಷ್ಟೇ ಹೇಳಿ ಬಿಡಿಸುವುದು ಅಪೂರ್ಣ ಉಪದೇಶ. ಗೆಲ್ಲುವ ಭರವಸೆ ಹುಟ್ಟಿದ ದಿನ ಆ ಭಯ ಹೋಗುತ್ತದೆ. ಗೆದ್ದ ಹಣ ಯಾವ ಮನೆಯಿಂದ ಬಂತೆಂದು ಕೇಳಲು ಕಲಿಸಿದರೆ ಆ ಪ್ರಶ್ನೆ ಗೆಲುವಿನ ದಿನವೂ ಉಳಿಯುತ್ತದೆ.