ಯಾರೂ ನೋಡದ ಚಿತ್ರ

ಜ್ಯಾಂ ರೆನ್ವಾರ್‌ನ ‘ಗ್ರ್ಯಾಂಡ್ ಇಲ್ಯೂಷನ್’ (1937) ಸಿನಿಮಾದಲ್ಲಿ ಒಂದು ಪುಟ್ಟ ದೃಶ್ಯವಿದೆ. ಮೊದಲನೇ ಮಹಾಯುದ್ಧದ ಕಾಲ. ಜರ್ಮನ್ ಕೋಟೆಯೊಳಗೆ ಫ್ರೆಂಚ್ ಸೈನ್ಯದ ಕೈದಿಗಳು. ಅವರ ನಡುವೆ ಒಬ್ಬ ಸೆನೆಗಲ್‌ನವನು, ಕರಿಯ. ತನ್ನ ಪಾಡಿಗೆ ಕೂತು ಚಿತ್ರ ಬರೀತಿದ್ದಾನೆ. ಮುಗಿಸಿ, ಎದ್ದು ಬಂದು ಜೊತೆಗಾರರಿಗೆ ತೋರಿಸುತ್ತಾನೆ. ‘ಅಪರಾಧವನ್ನು ಬೆನ್ನಟ್ಟಿದ ನ್ಯಾಯ’ ಅಂತ ಅದರ ಹೆಸರು. ಅವರು ಒಮ್ಮೆ ಕಣ್ಣು ಹಾಯಿಸಿ ತಮ್ಮ ಮಾತಿಗೆ ಮರಳುತ್ತಾರೆ. ಅಷ್ಟೇ.

ಆ ಪಾತ್ರಕ್ಕೆ ಹೆಸರಿಲ್ಲ. ಪಾತ್ರ ಮಾಡಿದವನಿಗೆ ಹೆಸರಿತ್ತು: ಹಬೀಬ್ ಬೆಂಗ್ಲಿಯಾ.

ಈತ ಹುಟ್ಟಿದ್ದು 1895ರಲ್ಲಿ, ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯದ ಓರಾನ್ ಊರಿನಲ್ಲಿ. ಮನೆಯವರ ಬೇರು ಫ್ರೆಂಚ್ ಸುಡಾನ್, ಅಂದ್ರೆ ಈಗಿನ ಮಾಲಿ. ಪ್ಯಾರಿಸ್ಸಿಗೆ ಬಂದು ನಟನಾದ, ಕುಣಿದ, ಹೆಸರು ಮಾಡಿದ. 1923ರಲ್ಲಿ ಫಿರ್ಮ್ಯಾಂ ಜೆಮಿಯೆ ನಡೆಸುತ್ತಿದ್ದ ಓದೆಯೊಂ ರಂಗಮಂದಿರದಲ್ಲಿ ಯೂಜೀನ್ ಓನೀಲ್‌ನ ‘ಎಂಪರರ್ ಜೋನ್ಸ್’ ನಾಟಕದ ನಾಯಕನಾದ. ಅದು ಸರ್ಕಾರದ ರಂಗಮಂದಿರ. ಅಂಥ ಕಡೆ ಒಬ್ಬ ಕರಿಯ ನಟ ನಡುರಂಗದಲ್ಲಿ ನಿಂತದ್ದು ಸಣ್ಣ ಮಾತಲ್ಲ.

ಆದರೆ ಗೆಳೆಯರೇ, ಆ ನಾಟಕವನ್ನೂ ಸ್ವಲ್ಪ ಕೆದಕಿ ನೋಡಬೇಕು. ರೈಲಿನಲ್ಲಿ ಪೋರ್ಟರ್ ಆಗಿದ್ದ ಜೋನ್ಸ್ ಒಂದು ದ್ವೀಪಕ್ಕೆ ಚಕ್ರವರ್ತಿಯಾಗುತ್ತಾನೆ. ಜನ ದಂಗೆ ಎದ್ದಾಗ ಕಾಡಿಗೆ ಓಡುತ್ತಾನೆ. ದೂರದಲ್ಲಿ ನಗಾರಿ, ನಾಡಿಬಡಿತದ ಲಯದಲ್ಲಿ ಶುರುವಾಗಿ ಬಿರುಸಾಗುತ್ತಾ ಹೋಗುತ್ತದೆ. ಅವನ ಮೈಮೇಲಿನ ಚಕ್ರವರ್ತಿಯ ಬಟ್ಟೆ ಹರಿಹರಿದು ಕೊನೆಗೆ ಲಂಗೋಟಿ ಉಳಿಯುತ್ತದೆ. ಕರಿಯನನ್ನು ಸಿಂಹಾಸನಕ್ಕೆ ಹತ್ತಿಸಿದ ನಾಟಕವೇ ಅವನನ್ನು ಬೆತ್ತಲೆ ಮಾಡಿ ಕಾಡಿಗೆ ಅಟ್ಟಿತು. ಮಾಲೀಕ ಕೊಟ್ಟ ಕಿರೀಟ ಯಾವತ್ತೂ ಹೀಗೇ ಅಲ್ಲವೇ?

ಹದಿನಾಲ್ಕು ವರ್ಷಗಳ ನಂತರ ಅದೇ ನಟನಿಗೆ ಸಿಕ್ಕಿದ್ದು ಹೆಸರಿಲ್ಲದ ಕೈದಿಯ ಪಾತ್ರ. ಮಾರ್ಸೆಲ್ ಕಾರ್ನೆಯ ‘ಚಿಲ್ಡ್ರನ್ ಆಫ್ ಪ್ಯಾರಡೈಸ್’ (1945) ಸಿನಿಮಾದಲ್ಲಿ ಟರ್ಕಿ ಸ್ನಾನದ ಮನೆಯ ಆಳು. ರಂಗಮಂದಿರದ ಅಗ್ಗದ ಗ್ಯಾಲರಿಯ ಬಡವರನ್ನು ಕೊಂಡಾಡುವ ಸಿನಿಮಾ ಅದು. ಅದೇ ಸ್ನಾನದ ಮನೆಯಲ್ಲಿ ಕೌಂಟ್ ಒಬ್ಬನ ಕೊಲೆಯಾಗುತ್ತದೆ. ಕೊಂದವನಿಗೆ ಹೆಸರಿದೆ, ಸತ್ತವನಿಗೆ ಹೆಸರಿದೆ. ಆಳು ಬರೀ ಆಳು.

ರೆನ್ವಾರ್‌ನನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ನಾನು ಹಾಗೆ ಮಾಡಲಾರೆ. ಗಡಿಗಳನ್ನೆಲ್ಲ ಮನುಷ್ಯನೇ ಗೀಚಿದ್ದು ಎಂದು ಹೇಳಿದ ಸಿನಿಮಾ ಅದು. ಅಲ್ಲಿ ಕುಲೀನನೂ ಮೆಕ್ಯಾನಿಕ್ಕನೂ ಯಹೂದಿಯೂ ಒಂದೇ ಕೋಣೆಯಲ್ಲಿದ್ದಾರೆ. ಆ ಚಿತ್ರಕ್ಕೆ ಆ ಹೆಸರನ್ನು ಸುಮ್ಮನೆ ಇಟ್ಟದ್ದೂ ಅಲ್ಲ. ಅಪರಾಧದ ಬೆನ್ನಟ್ಟಿದ ನ್ಯಾಯವನ್ನು ಪ್ರುದೊಂ ಎಂಬ ಫ್ರೆಂಚ್ ಕಲಾವಿದ 1808ರಲ್ಲೇ ಚಿತ್ರಿಸಿದ್ದ, ಪ್ಯಾರಿಸ್ಸಿನ ಕ್ರಿಮಿನಲ್ ಕೋರ್ಟಿನ ಗೋಡೆಗಾಗಿ. ಕೋರ್ಟಿನ ಗೋಡೆಯ ಆ ವಿಷಯವನ್ನು ವಸಾಹತಿನ ಕೂಲಿಸೈನಿಕ ತನ್ನ ಕೈಯಾರೆ ಮತ್ತೆ ಬರೆದರೆ ಅಪರಾಧಿ ಯಾರು? ಪ್ರಶ್ನೆ ಎತ್ತುವ ಧೈರ್ಯ ರೆನ್ವಾರ್‌ಗಿತ್ತು. ಅದರ ಮುಂದೆ ನಿಲ್ಲುವ ತಾಳ್ಮೆ ಇರಲಿಲ್ಲ. ಕ್ಯಾಮೆರಾ ಕೂಡ ಬಿಳಿಯರ ಜೊತೆಗೇ ಮುಂದಕ್ಕೆ ಹೋಯಿತು. ನಮ್ಮ ಪರ ಮಾತಾಡುವ ಪ್ರಗತಿಪರರ ಮಿತಿಯೂ ಇದೇ. ಅವರು ಜಾಗ ಕೊಡ್ತಾರೆ, ಸಮಯ ಕೊಡೋದಿಲ್ಲ.

ನಾನೂ ಕಾಲೇಜಿನ ನಾಟಕಗಳಲ್ಲಿ ಮೂರು ವರ್ಷ ಈಟಿ ಹಿಡಿದು ನಿಂತವನು. ನಿಂತವನ ಕಾಲುನೋವು ಗೊತ್ತು. ಆದ್ದರಿಂದ ಹೇಳುತ್ತೇನೆ: ಬೆಂಗ್ಲಿಯಾನ ಆ ನಿಲುವು ಸೋಲಲ್ಲ. ಚಿತ್ರ ಹಿಡಿದು ನಿಂತ ಆ ಗಳಿಗೆಯಲ್ಲಿ ಅವನು ಇಡೀ ಕೋಣೆಯ ಮೇಲೆ ಸಾಕ್ಷಿ ಹೇಳುತ್ತಾನೆ.

1959ರಲ್ಲಿ ‘ಲೆ ಗ್ರಿಯೊ’ ಎಂಬ ಕರಿಯರದೇ ತಂಡ ಪ್ಯಾರಿಸ್ಸಿನಲ್ಲಿ ಜ್ಯಾಂ ಜೆನೆಯ ‘ಲೆ ನೆಗ್ರ್’ ಆಡಿತು. ಈ ಸಲ ರಂಗದ ತುಂಬ ಅವರೇ. 1960ರ ಸೆಪ್ಟೆಂಬರಿನಲ್ಲಿ ಮಾಲಿ ಸ್ವತಂತ್ರವಾಯಿತು. ಅದೇ ಡಿಸೆಂಬರಿನಲ್ಲಿ ಬೆಂಗ್ಲಿಯಾ ತೀರಿಕೊಂಡ.

ಆ ಸಿನಿಮಾ ನೋಡುವ ಅವಕಾಶ ಸಿಕ್ಕರೆ ನಾಯಕರನ್ನು ಸ್ವಲ್ಪ ಹೊತ್ತು ಬಿಟ್ಟುಬಿಡಿ. ಆ ಚಿತ್ರವನ್ನು ನೋಡಿ.