ಅಲುಗದ ಅಕ್ಕಿ

ನಮ್ಮ ದಾವಣಗೆರೆಯ ಬೆಣ್ಣೆದೋಸೆ ಹಿಟ್ಟಿಗೆ ಅಕ್ಕಿ, ಉದ್ದಿನಬೇಳೆಯ ಜೊತೆ ಮಂಡಕ್ಕಿಯೂ ಬೀಳುತ್ತದೆ. ಈ ವಾರದ ಲೆಕ್ಕ ಅಲ್ಲಿಂದಲೇ ಹುಟ್ಟಿದ್ದು. ಅಳೆದಿಟ್ಟ ಅಕ್ಕಿಗೂ ಮಂಡಕ್ಕಿಗೂ 2:1 ಅನುಪಾತ. ಇನ್ನೊಂದು ಪಾವು ಮಂಡಕ್ಕಿ ಸುರಿದರೆ ಅದು 4:3 ಆಗುತ್ತದೆ. ಅಕ್ಕಿ ಎಷ್ಟು?

ಮಕ್ಕಳು ಕೂಡಲೇ ಎಕ್ಸ್ ಎಂದಿಟ್ಟುಕೊಂಡು ಅಡ್ಡಗುಣಾಕಾರಕ್ಕೆ ಇಳಿಯುತ್ತಾರೆ. ಉತ್ತರ ಬರುತ್ತದೆ, ರುಚಿ ಹತ್ತುವುದಿಲ್ಲ. ಪೆನ್ನು ಕೆಳಗಿಟ್ಟು ಒಂದು ಮಾತು ಕೇಳಿಕೊಳ್ಳಿ: ಇಷ್ಟೆಲ್ಲ ನಡೆದರೂ ಅಲುಗದೆ ಇದ್ದದ್ದು ಯಾವುದು? ಅಕ್ಕಿ. ಅದನ್ನು ಯಾರೂ ಮುಟ್ಟಲಿಲ್ಲ. ಹಾಗಿದ್ದ ಮೇಲೆ ಎರಡೂ ಅನುಪಾತದಲ್ಲಿ ಅಕ್ಕಿಯ ಅಂಕಿ ಒಂದೇ ಇರಲಿ. 2:1 ಅನ್ನು 4:2 ಎಂದು ಬರೆಯಿರಿ. ಮೊದಲು 4:2, ಆಮೇಲೆ 4:3. ಹೆಚ್ಚಿದ ಆ ಒಂದು ಭಾಗವೇ ನಾವು ಸುರಿದ ಒಂದು ಪಾವು. ಅಕ್ಕಿ ನಾಲ್ಕು ಪಾವು, ಅಂದರೆ ಒಂದು ಸೇರು. ಈ ಲೆಕ್ಕವನ್ನು ಎಷ್ಟು ಸಲ ಬಿಡಿಸಿದರೂ ನನಗೆ ಆ ಕ್ಷಣದ ಖುಷಿ ಮಾಸಿಲ್ಲ.

ಅದೇ ಪ್ರಶ್ನೆಯನ್ನು ಇನ್ನೊಂದು ಲೆಕ್ಕಕ್ಕೂ ಕೇಳೋಣ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಗಂಟೆಗೆ 28 ಕಿ.ಮೀ. ಓಡುವ ಬಸ್ಸಿಗೆ 30 ನಿಮಿಷ ಬೇಕು. 42 ಕಿ.ಮೀ. ಓಡಿದರೆ? ಕಣ್ಣುಮುಚ್ಚಿ ಸೂತ್ರ ಹಾಕಿದವರಿಗೆ 45 ನಿಮಿಷ ಬರುತ್ತದೆ. ಜೋರಾಗಿ ಹೋದ ಬಸ್ಸು ತಡವಾಗಿ ಮುಟ್ಟುತ್ತದೆ. ಇಲ್ಲಿ ಅಲುಗದ್ದು ದಾರಿ. ವೇಗ 2:3 ಆದರೆ ಹೊತ್ತು 3:2, ಹಾಗಾಗಿ 20 ನಿಮಿಷ. ಹಳಬರು ಇದನ್ನೇ ವ್ಯಸ್ತ ತ್ರೈರಾಶಿಕ ಎಂದರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಕಕ್ಕೇ ಒಂದು ಅಧ್ಯಾಯವಿದೆ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಲೆಕ್ಕ ನಮ್ಮ ಮಾತಿನಲ್ಲಿ ಇದ್ದಾಗ ಅಲುಗದ್ದು ಬೇಗ ಕಣ್ಣಿಗೆ ಬೀಳುತ್ತದೆ ಎಂದು ನಾನು ನಂಬಿದ್ದೇನೆ. ‘ಸುರಿದರು’ ಎಂಬ ಒಂದು ಕ್ರಿಯಾಪದ ಏನನ್ನು ಬದಲಿಸಿತು, ಏನನ್ನು ಬಿಟ್ಟಿತು ಎಂಬುದನ್ನು ಮನೆಮಾತಿನ ಕಿವಿ ತಾನಾಗಿ ಹಿಡಿಯುತ್ತದೆ.

ಬಸ್ಸು ಹರಿಹರ ಮುಟ್ಟಿತು. ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಹರಿಹರೇಶ್ವರ ಅರ್ಧ ಹರಿ, ಅರ್ಧ ಹರ, ಸರಿಯಾಗಿ 1:1. ಮುಂದಿನ ವಾರದ ಲೆಕ್ಕವೂ ಅಲ್ಲಿಗೇ ಮುಟ್ಟಬೇಕು. ಎರಡು ಚೀಲಗಳಲ್ಲಿ ಮಂಡಕ್ಕಿ 5:3ರಷ್ಟಿದೆ. ದೊಡ್ಡದರಿಂದ ಎರಡು ಸೇರು ತೆಗೆದು ಚಿಕ್ಕದಕ್ಕೆ ಹಾಕಿದರೆ ಎರಡೂ ಸಮ. ಒಟ್ಟು ಎಷ್ಟು ಸೇರು? ಈ ಸಲ ಎರಡು ಚೀಲವೂ ಅಲುಗಿವೆ, ಆದರೂ ಒಂದು ಅಲುಗಿಲ್ಲ.