ಗಾಥರನ್ನು ಬರೆದವರು

ಕ್ರಿ.ಶ. 410ರ ಆಗಸ್ಟ್ 24ರಂದು ಅಲಾರಿಕನ ವಿಸಿಗಾಥ್ ಪಡೆ ರೋಮ್ ನಗರದೊಳಕ್ಕೆ ನುಗ್ಗಿತು. ಮೂರು ದಿನ ಲೂಟಿ ನಡೆಯಿತು, ಆಮೇಲೆ ಪಡೆ ದಕ್ಷಿಣದ ದಾರಿ ಹಿಡಿಯಿತು. ಸುಮಾರು ಎಂಟುನೂರು ವರ್ಷ ಹೊರಗಿನ ಯಾವ ಶತ್ರುವಿನ ಕೈಗೂ ಸಿಕ್ಕದಿದ್ದ ಊರು ಅದು. ಚಕ್ರವರ್ತಿ ಹೊನೊರಿಯಸ್ ಅಲ್ಲಿರಲೇ ಇಲ್ಲ. ಜೌಗಿನ ನಡುವೆ ಕ್ಷೇಮವಾಗಿದ್ದ ರವೆನ್ನಾದಲ್ಲಿದ್ದ. ಪಶ್ಚಿಮ ಸಾಮ್ರಾಜ್ಯ ಇದಾದ ಮೇಲೂ 476ರವರೆಗೆ ಹೇಗೋ ಉಸಿರಾಡಿತು. ಆದರೆ ಲ್ಯಾಟಿನ್ ಸಾಹಿತ್ಯದೊಳಗೆ ಆ ಮೂರು ದಿನಗಳು ಮುಗಿಯಲೇ ಇಲ್ಲ. ಬೆತ್ಲೆಹೇಮ್‌ನಲ್ಲಿ ಕೂತು ಎಜೆಕಿಯೇಲನ ಮೇಲೆ ವ್ಯಾಖ್ಯಾನ ಬರೆಯುತ್ತಿದ್ದ ಜೆರೋಮ್‌ಗೆ ಸುದ್ದಿ ಕೇಳಿ ಕೆಲಸ ಮುಂದುವರಿಸಲಾಗಲಿಲ್ಲ. ಆಗಸ್ಟೀನ್ 413ರಲ್ಲಿ ಶುರುಮಾಡಿದ 'ದೇವನಗರ' 22 ಭಾಗಗಳಾಗಿ ಬೆಳೆದು, ಮುಗಿಯುವ ಹೊತ್ತಿಗೆ 426 ಆಗಿತ್ತು.

ಈ ಬರಹಗಳನ್ನು ಒಟ್ಟಿಗೆ ಇಟ್ಟು ಓದುವಾಗ ನನಗೆ ಮತ್ತೆ ಮತ್ತೆ ಕಾಡಿದ ಸಂಗತಿ ಒಂದೇ: ಇವುಗಳಲ್ಲಿ ಗಾಥ ಎಲ್ಲಿದ್ದಾನೆ? ನಗರ ಇದೆ, ಪಾಪ ಇದೆ, ದೇವರ ನ್ಯಾಯ ಇದೆ. ಗಾಥ ಮಾತ್ರ ಬಿರುಗಾಳಿಯ ಹಾಗೆ ಬಂದು ಹೋಗುತ್ತಾನೆ. ಬಿರುಗಾಳಿಗೆ ಕಾರಣ ಕೇಳುವವರು ಯಾರು? ಶಾಲೆಯಲ್ಲಿ ನಾವು ಓದಿದ 'ಬರ್ಬರರ ದಾಳಿ' ಎಂಬ ಅಧ್ಯಾಯದ ಬೇರು ಇರುವುದು ಇಂಥ ಶೋಕದಲ್ಲೇ ಎಂದು ನನ್ನ ಅನುಮಾನ.

ಇದಕ್ಕೆ ಎದುರಾಗಿ ನಾನು ಇಡುವುದು ಅಮ್ಮಿಯಾನಸ್ ಮಾರ್ಸೆಲ್ಲಿನಸ್‌ನ ಚರಿತ್ರೆಯ ಕೊನೆಯ, ಅಂದರೆ 31ನೆಯ ಪುಸ್ತಕವನ್ನು. ಅಂತಿಯೋಕ್‌ನ ಗ್ರೀಕ್, ನಿವೃತ್ತ ಸೈನಿಕ, ಬರೆದದ್ದು ಲ್ಯಾಟಿನ್‌ನಲ್ಲಿ. ಅವನು ಹೇಳುವುದು 376ರ ಕಥೆ. ಹೂಣರ ಹೊಡೆತಕ್ಕೆ ಊರು ಬಿಟ್ಟ ಗಾಥರು ಡ್ಯಾನ್ಯೂಬ್ ನದಿಯ ಆಚೆ ದಡದಲ್ಲಿ ನಿಂತು ಒಳಗೆ ಬಿಡಿ ಎಂದು ಬೇಡುತ್ತಾರೆ. ವೇಲೆನ್ಸ್ ಚಕ್ರವರ್ತಿ ಒಪ್ಪುತ್ತಾನೆ. ಇಷ್ಟೊಂದು ಮಂದಿ ಸೈನಿಕರು ಪುಕ್ಕಟೆ ಸಿಕ್ಕಿದರಲ್ಲ ಎಂಬ ಲೆಕ್ಕಾಚಾರ. ದೋಣಿ, ತೆಪ್ಪ, ಟೊಳ್ಳು ಮಾಡಿದ ಮರದ ದಿಮ್ಮಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ಜನರನ್ನು ದಾಟಿಸುತ್ತಾರೆ. ಈಚೆ ದಡದಲ್ಲಿ ಅವರಿಗೆ ಎದುರಾದದ್ದು ಹಸಿವು ಮತ್ತು ಇಬ್ಬರು ಅಧಿಕಾರಿಗಳು: ಲುಪಿಸಿನಸ್, ಮ್ಯಾಕ್ಸಿಮಸ್. ಇವರು ಸಿಕ್ಕಸಿಕ್ಕ ನಾಯಿಗಳನ್ನು ಹಿಡಿಸಿ ತಂದು ಹಸಿದವರಿಗೆ ಮಾರಿದರು. ಒಂದು ನಾಯಿಗೆ ಬೆಲೆ ಒಬ್ಬ ಗುಲಾಮ. ಹಾಗೆ ಕೈಬದಲಾದವರಲ್ಲಿ ಗಾಥ್ ಮುಖಂಡರ ಮಕ್ಕಳೂ ಇದ್ದರು.

ಅಮ್ಮಿಯಾನಸ್ ಇಲ್ಲಿ ದನಿ ಎತ್ತುವುದಿಲ್ಲ. ದರ ಹೇಳುತ್ತಾನೆ, ಅಷ್ಟೆ. ಎರಡು ವರ್ಷದ ನಂತರ, 378ರ ಆಗಸ್ಟ್ 9ರಂದು, ಆಡ್ರಿಯನೋಪಲ್ ಬಯಲಿನಲ್ಲಿ ಇದೇ ಜನ ವೇಲೆನ್ಸ್‌ನನ್ನೂ ಅವನ ಸೇನೆಯ ಬಹುಭಾಗವನ್ನೂ ಮುಗಿಸುತ್ತಾರೆ. ಕ್ಯಾನೆ ಯುದ್ಧವನ್ನು ಬಿಟ್ಟರೆ ಇಂಥ ಸಂಹಾರ ರೋಮ್ ಕಂಡಿರಲಿಲ್ಲ ಎಂಬುದು ಅವನ ಮಾತು. ಆ ಯುದ್ಧದ ವರ್ಣನೆ ಪ್ರಸಿದ್ಧ. ನನ್ನ ಮಟ್ಟಿಗೆ ನಾಯಿಗಳ ಆ ನಾಲ್ಕು ಸಾಲುಗಳ ಮುಂದೆ ಅದು ಮಂಕು.

ಹಾಗೆಂದು ಅವನು ಗಾಥರ ಗೆಳೆಯನೇನಲ್ಲ. ಇದೇ ಪುಸ್ತಕದ ಕೊನೆಯಲ್ಲಿ, ಪೂರ್ವದ ಊರುಗಳಲ್ಲಿ ಹಂಚಿಹೋಗಿದ್ದ ಗಾಥರನ್ನು ಜೂಲಿಯಸ್ ಎಂಬ ಸೇನಾನಿ ಒಂದೇ ಏಟಿಗೆ ಕೊಲ್ಲಿಸಿದ್ದನ್ನು ಅವನು ಜಾಣತನವೆಂದು ಹೊಗಳುತ್ತಾನೆ. ಓದುವಾಗ ಮೈ ಜುಮ್ಮೆನ್ನುತ್ತದೆ. ಅಮ್ಮಿಯಾನಸ್‌ನಲ್ಲಿ ಕರುಣೆಯನ್ನು ಹುಡುಕುವವರಿಗೆ ನಿರಾಸೆ ಖಂಡಿತ. ಅವನಲ್ಲಿರುವುದು ತನ್ನ ಕಡೆಯವರ ಕಳ್ಳತನವನ್ನು ಕಳ್ಳತನವೆಂದು ಬರೆಯುವ ಸೈನಿಕನ ಕಣ್ಣು. ಗಾಥ ಅವನಿಗೆ ಕಂಡದ್ದು ಆ ಕಣ್ಣಿನಿಂದಲೇ. ನಾವು 'ವಿಸಿಗಾಥ್' ಎಂದು ಕರೆಯುವ ಜನ ಒಂದು ಗುಂಪಾಗಿ ಕೂಡಿಕೊಂಡದ್ದೂ ರೋಮ್‌ನ ಗಡಿಯೊಳಗೆ ಕಳೆದ ಆ ವರ್ಷಗಳಲ್ಲಿಯೇ.

ಮುಂದೆ ಅಲಾರಿಕ್ ಕೇಳಿದ್ದನ್ನೂ ನೋಡಬೇಕು. 408ರ ಮೊದಲ ಮುತ್ತಿಗೆ ತೆಗೆಯಲು ಅವನಿಗೆ ಸಂದದ್ದು 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ, 3,000 ಕೆಂಬಣ್ಣದ ಚರ್ಮ, ಜೊತೆಗೆ 3,000 ಪೌಂಡ್ ಮೆಣಸು. ಪಟ್ಟಿ ಕೊಡುವವನು ಗ್ರೀಕ್ ಇತಿಹಾಸಕಾರ ಜೋಸಿಮಸ್. (ನಮ್ಮ ಪಶ್ಚಿಮ ಘಟ್ಟದ ಬಳ್ಳಿಯ ಮೆಣಸು ಮಲಬಾರ್ ತೀರದಿಂದ ಹಡಗು ಹತ್ತಿ ಅಲ್ಲಿಯವರೆಗೆ ಹೋಗಿತ್ತು.) ರೇಷ್ಮೆ, ಮೆಣಸು ಕೇಳುವವನು ರೋಮ್ ಹಾಳಾಗಲಿ ಎಂದು ಬಂದವನಂತೆ ಕಾಣುವುದಿಲ್ಲ, ರೋಮ್‌ನವರ ಹಾಗೆ ಉಣ್ಣಲು ಬಂದವನಂತೆ ಕಾಣುತ್ತಾನೆ.

ರುಟಿಲಿಯಸ್ ನಮಾಟಿಯಾನಸ್‌ನ ವಿಷಯಕ್ಕೆ ಬಂದಾಗ ನನ್ನ ತಕರಾರು ಅಷ್ಟು ಸರಳವಾಗಿ ನಿಲ್ಲುವುದಿಲ್ಲ, ಏಕೆಂದರೆ ಅವನ ಪದ್ಯ ನಿಜಕ್ಕೂ ಚೆಂದ. ಗಾಲ್ ಪ್ರಾಂತ್ಯದ ಶ್ರೀಮಂತ, 414ರಲ್ಲಿ ರೋಮ್ ನಗರದ ಆಡಳಿತಾಧಿಕಾರಿ. 417ರಲ್ಲಿ, ದಾಳಿಯಿಂದ ನಲುಗಿದ ತನ್ನ ನೆಲಕ್ಕೆ ಮರಳುತ್ತಾನೆ. ಹೆದ್ದಾರಿ ಹಾಳಾಗಿದೆ, ಸೇತುವೆಗಳಿಲ್ಲ, ಹಾಗಾಗಿ ಸಮುದ್ರದ ದಾರಿ. ದಡದುದ್ದಕ್ಕೂ ಪಾಳುಬಿದ್ದ ಊರುಗಳನ್ನು ನೋಡುತ್ತ, ಮನುಷ್ಯರಂತೆ ಊರಿಗೂ ಸಾವಿದೆ ಎಂದುಕೊಳ್ಳುತ್ತಾನೆ. ರೋಮ್ ಬಗ್ಗೆ ಅವನು ಹಾಡುವ ಸ್ತುತಿಯಲ್ಲಿ ಮಾತ್ರ ಒಂದು ಬಿರುಕೂ ಇಲ್ಲ. ಸೋಲಿನ ಹೊಣೆಯನ್ನು ಅವನು ಹೊರಿಸುವುದು ಸೇನಾಪತಿ ಸ್ಟಿಲಿಕೊನ ಮೇಲೆ. ಈ ಸ್ಟಿಲಿಕೊ ಅರ್ಧ ವ್ಯಾಂಡಲ್ ರಕ್ತದವನು. 408ರಲ್ಲಿ ಅವನ ತಲೆ ತೆಗೆಸಿದ ಬೆನ್ನಲ್ಲೇ ರೋಮ್‌ನ ಸೇವೆಯಲ್ಲಿದ್ದ 'ಬರ್ಬರ' ಸೈನಿಕರ ಹೆಂಡಿರು ಮಕ್ಕಳನ್ನು ಇಟಲಿಯ ಊರುಗಳಲ್ಲಿ ಕೊಂದರು, ಸಿಟ್ಟಿಗೆದ್ದ ಆ ಸೈನಿಕರು ಅಲಾರಿಕನನ್ನು ಸೇರಿದರು. ರುಟಿಲಿಯಸ್‌ನ ಛಂದಸ್ಸಿನಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ.

ಗಾಥನೊಬ್ಬ ಬಾಯಿಬಿಟ್ಟು ಮಾತಾಡುವ ಜಾಗಕ್ಕೆ ಪಾದ್ರಿ ಒರೋಸಿಯಸ್‌ನ ಹತ್ತಿರ ಹೋಗಬೇಕು. ಅಲಾರಿಕನ ಭಾವಮೈದುನ ಅಥಾಲ್ಫ್ 414ರಲ್ಲಿ ನಾರ್ಬೊನ್‌ನಲ್ಲಿ ಚಕ್ರವರ್ತಿಯ ಮಲತಂಗಿ ಗಲ್ಲಾ ಪ್ಲಾಸಿಡಿಯಾಳನ್ನು ಮದುವೆಯಾದವನು. ರೋಮ್‌ನ ಹೆಸರನ್ನೇ ಅಳಿಸಿ ಗಾಥರ ಸಾಮ್ರಾಜ್ಯ ಕಟ್ಟಬೇಕೆಂದು ಅವನಿಗೆ ಮೊದಲು ಆಸೆಯಿತ್ತಂತೆ. ತನ್ನ ಜನ ಕಾನೂನಿಗೆ ಬಗ್ಗುವವರಲ್ಲ, ಕಾನೂನಿಲ್ಲದೆ ರಾಜ್ಯವಿಲ್ಲ ಎಂದು ಅರಿತ ಮೇಲೆ ಗಾಥರ ಬಲದಿಂದ ರೋಮ್‌ನ ಹೆಸರನ್ನೇ ಎತ್ತಿಹಿಡಿಯಲು ನಿರ್ಧರಿಸಿದನಂತೆ. ಈ ಮಾತನ್ನು ಅವನಿಂದ ಕೇಳಿದವನು ನಾರ್ಬೊನ್‌ನ ಒಬ್ಬ ಗೃಹಸ್ಥ. ಅವನು ಬೆತ್ಲೆಹೇಮ್‌ನಲ್ಲಿ ಜೆರೋಮ್‌ಗೆ ಹೇಳುವಾಗ ಒರೋಸಿಯಸ್ ಪಕ್ಕದಲ್ಲಿದ್ದ. ಮೂರು ಬಾಯಿ ದಾಟಿ ಬಂದ ಈ ಮಾತು ರೋಮನ್ನರ ಕಿವಿಗೆ ಎಷ್ಟು ಹಿತವಾಗಿದೆ ನೋಡಿ! ಗಾಥರ ಭಾಷೆಯಲ್ಲಿ ಇದನ್ನು ಒರೆಗೆ ಹಚ್ಚಲು ಏನೂ ಇಲ್ಲ. ಆ ಭಾಷೆಯಲ್ಲಿ ಉಳಿದಿರುವುದು ಬಹುಪಾಲು ಉಲ್ಫಿಲಾಸ್ ಮಾಡಿದ ಬೈಬಲ್ ಅನುವಾದದ ಭಾಗಗಳು.

418ರಲ್ಲಿ ವಿಸಿಗಾಥರಿಗೆ ಗಾಲ್‌ನ ಅಕ್ವಿಟೇನ್‌ನಲ್ಲಿ ನೆಲ ಸಿಕ್ಕಿತು. ರುಟಿಲಿಯಸ್ ಹಡಗು ಹತ್ತಿದ ಮರುವರ್ಷವೇ ಗಾಥರು ಗಾಲ್‌ನವರಿಗೆ ನೆರೆಯವರಾದರು. ಆ ನೆರೆಹೊರೆಯ ಬಗ್ಗೆ ಅವನು ಏನಾದರೂ ಬರೆದನೇ? ನಮಗೆ ಸಿಕ್ಕಿರುವ ಪದ್ಯ ಇಟಲಿಯ ತೀರದಲ್ಲೇ, ಲೂನಾ ಊರಿನ ಬಿಳಿಯ ಅಮೃತಶಿಲೆಯ ವರ್ಣನೆಯ ಹತ್ತಿರ ತುಂಡಾಗಿದೆ.